ಗಿರಿಜನರ ಬಂಧು ವೆರಿಯರ್ ಎಲ್ವಿನ್

ನರ್ಮದಾ ನದಿಯ ಉಗಮಸ್ಥಾನವಾದ ಅಮರಕಂಟಕದ ಸುತ್ತಮುತ್ತ ಮೈಕಲ ಪರ್ವತಶ್ರೇಣಿಯು ಹಬ್ಬಿಕೊಂಡಿದೆ. ಸಾಲವೃಕ್ಷಗಳಿಂದಲೂ ಬಿದಿರು ಮೆಳೆಗಳಿಂದಲೂ ತುಂಬಿದ ಈ ಕಾಡುಗಳಲ್ಲಿ ಗೊಂಡರು, ಬೈಗರು, ಪರಧಾನರು, ಅಗರಿಯರು ಮೊದಲಾದ ಗಿರಿಜನರು ಅನಾದಿಕಾಲದಿಂದ ಬಾಳಿ ಬಂದಿದ್ದಾರೆ. 1932ನೆಯ ಇಸವಿಯ ಆರಂಭದಲ್ಲಿ ಈ ಸೀಮೆಯ ಕರಂಜಿಯಾ ಎಂಬ ಸಣ್ಣ ಹಳ್ಳಿಗೆ ಇಬ್ಬರು ತರುಣರು ಬಂದು ನೆಲೆಸಿದರು. ಅವರಲ್ಲಿ ಒಬ್ಬರು ಮಹಾರಾಷ್ಟ್ರದ ಶಾಮರಾವ್ ಹಿವಾಳೆ. ಮತ್ತೊಬ್ಬರು ಇಂಗ್ಲೆಂಡಿನಿಂದ ಬಂದ ವೆರಿಯರ್ ಎಲ್ವಿನ್. ಭಾರತವನ್ನು ಆಳುತ್ತಿದ್ದ ಜನಾಂಗದಲ್ಲಿ ಹುಟ್ಟಿದ ಎಲ್ವಿನ್ನರು, ಭಾರತದಲ್ಲಿಯೇ ಅತ್ಯಂತ ಹಿಂದೆ ತಳ್ಳಲ್ಪಟ್ಟಿದ್ದ ಜನರ ನಡುವೆ ತಮ್ಮ ಜೀವಮಾನವನ್ನೆಲ್ಲ ಕಳೆದರು. ನಾಡು ವೇಗವಾಗಿ ಮುನ್ನಡೆಯುವಾಗ ಕಾಡಿನ ಜನರ ಗತಿಯೇನು ಎಂಬ ಪ್ರಶ್ನೆಯನ್ನು ಅವರಷ್ಟು ಆಳವಾಗಿ, ಅವರಷ್ಟು ದೀರ್ಘಕಾಲ ಚಿಂತಿಸಿದವರು ವಿರಳ.

ಎಲ್ವಿನ್ನರು ಹುಟ್ಟಿದ್ದು 1902ನೆಯ ಇಸವಿ ಆಗಸ್ಟ್ 29ರಂದು, ಇಂಗ್ಲೆಂಡಿನ ಡೋವರ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಆಫ್ರಿಕದ ಸಿಯೆರಾ ಲಿಯೋನ್ ಪ್ರಾಂತದಲ್ಲಿ ಬಿಷಪ್ಪರಾಗಿದ್ದರು. ಮಗನಿಗೆ ಇನ್ನೂ ಏಳು ವರ್ಷ ತುಂಬುವ ಸುಮಾರಿಗೆ ಅವರು ತೀರಿಕೊಂಡರು. ದೈವಭಕ್ತೆಯಾದ ತಾಯಿಯ ಆಶ್ರಯದಲ್ಲಿ ಬೆಳೆದ ಬಾಲಕ ಓದಿನಲ್ಲಿ ಅಸಾಧಾರಣ ಪ್ರತಿಭೆಯನ್ನು ತೋರಿದನು. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಆಂಗ್ಲ ಸಾಹಿತ್ಯ ಮತ್ತು ಧರ್ಮಶಾಸ್ತ್ರ ಎರಡರಲ್ಲಿಯೂ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾಗಿ, ಚಿಕ್ಕ ವಯಸ್ಸಿನಲ್ಲಿಯೇ ಧರ್ಮಶಿಕ್ಷಣ ಸಂಸ್ಥೆಯೊಂದರ ಉಪಪ್ರಾಂಶುಪಾಲರಾದರು. ತಾಯ್ನಾಡಿನಲ್ಲಿಯೇ ಉಳಿದಿದ್ದರೆ ಅವರೂ ತಂದೆಯಂತೆ ದೊಡ್ಡ ಪದವಿಗೆ ಏರಬಹುದಾಗಿತ್ತು. ಆದರೆ ತಮ್ಮ ದೇಶದವರು ಭಾರತದಿಂದ ಪಡೆದುಕೊಂಡದ್ದಕ್ಕೆ ಪ್ರತಿಯಾಗಿ ತಾವಾದರೂ ಅಲ್ಲಿಗೆ ಹೋಗಿ ಸೇವೆ ಸಲ್ಲಿಸಬೇಕೆಂಬ ಹಂಬಲ ಅವರ ಮನಸ್ಸಿನಲ್ಲಿ ಬೇರೂರಿತು. 1927ರಲ್ಲಿ ಅವರು ಪುಣೆಯ ಕ್ರಿಸ್ತ ಸೇವಾ ಸಂಘವನ್ನು ಸೇರಲು ಭಾರತಕ್ಕೆ ಬಂದರು.

ಮರುವರ್ಷ ಅವರು ಸಾಬರಮತಿ ಆಶ್ರಮಕ್ಕೆ ಹೋದರು. ಮಹಾತ್ಮಾ ಗಾಂಧಿಯವರ ದರ್ಶನ ಅವರ ಬಾಳಿಗೆ ಹೊಸ ತಿರುವನ್ನು ನೀಡಿತು. ಅಂದಿನಿಂದ ಅವರು ಖಾದಿ ತೊಟ್ಟರು. ಸ್ವಾತಂತ್ರ್ಯ ಚಳವಳಿಯನ್ನು ಬಹಿರಂಗವಾಗಿ ಬೆಂಬಲಿಸಿ ಬರೆದರು. ಸರ್ಕಾರದ ಕಣ್ಣಿಗೆ ಈ ಬಿಳಿಯ ಪಾದ್ರಿ ಅಪಾಯಕಾರಿಯಾಗಿ ಕಂಡರು. 1932ರ ಜನವರಿ 4ರಂದು ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿಯವರ ಬಂಧನವಾದಾಗ ಎಲ್ವಿನ್ನರೂ ಶಾಮರಾಯರೂ ಅಲ್ಲಿಯೇ ಇದ್ದರು. ಮುಂದೆ ಯಾವ ಸೇವೆಯನ್ನು ಕೈಗೊಳ್ಳಬೇಕೆಂದು ಅವರು ಆಲೋಚಿಸುತ್ತಿದ್ದ ಕಾಲದಲ್ಲಿ, ಯಾರೂ ತಿರುಗಿ ನೋಡದ ಗೊಂಡರ ನಡುವೆ ಹೋಗಿ ಕೆಲಸ ಮಾಡಬಹುದೆಂದು ಜಮನಾಲಾಲ್ ಬಜಾಜರು ಸೂಚಿಸಿದರು. ಆ ಮಾತೇ ಅವರನ್ನು ಮೈಕಲದ ಕಾಡಿಗೆ ಕರೆತಂದಿತು.

ಕರಂಜಿಯಾದಲ್ಲಿ ಬಿದಿರು ಮತ್ತು ಮಣ್ಣಿನಿಂದ ಕಟ್ಟಿದ ಗುಡಿಸಲುಗಳಲ್ಲಿ ಅವರ ಆಶ್ರಮ ಆರಂಭವಾಯಿತು. ಶಾಮರಾಯರು ಔಷಧಾಲಯವನ್ನು ನೋಡಿಕೊಂಡರು. ಮಕ್ಕಳಿಗೆ ಶಾಲೆಗಳು ತೆರೆದವು. ಕುಷ್ಠರೋಗಿಗಳಿಗೆ ಒಂದು ಆಶ್ರಯಧಾಮ ಸಿದ್ಧವಾಯಿತು. ಮಲೇರಿಯಾ ಜ್ವರ, ಮಳೆಗಾಲದ ಕೆಸರು, ಹಣದ ಅಭಾವ ಇವು ಯಾವುವೂ ಅವರನ್ನು ಹಿಮ್ಮೆಟ್ಟಿಸಲಿಲ್ಲ. ಕಷ್ಟ ಬಂದದ್ದು ಬೇರೊಂದು ದಿಕ್ಕಿನಿಂದ. ಗಿರಿಜನರನ್ನು ಮತಾಂತರಗೊಳಿಸುವುದು ತಮ್ಮ ಕೆಲಸವಲ್ಲವೆಂದು ಎಲ್ವಿನ್ನರು ನಿರ್ಧರಿಸಿದ್ದರು. ಇದರಿಂದ ಅಲ್ಲಿಯ ಬಿಷಪ್ಪರಿಗೂ ಅವರಿಗೂ ಭಿನ್ನಾಭಿಪ್ರಾಯ ಬೆಳೆಯಿತು. ಕೊನೆಗೆ 1935ರಲ್ಲಿ ಅವರು ತಾವು ಹುಟ್ಟಿ ಬೆಳೆದ ಚರ್ಚಿನ ಸಂಬಂಧವನ್ನೇ ಕಡಿದುಕೊಂಡರು. ತಂದೆಯ ಹೆಸರನ್ನು ಉಳಿಸಬೇಕೆಂದು ಆಸೆಪಟ್ಟಿದ್ದ ತಾಯಿಗೆ ಇದರಿಂದ ನೋವಾಗುವುದೆಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಆದರೂ ಮನಸ್ಸಾಕ್ಷಿಗೆ ವಿರೋಧವಾಗಿ ನಡೆಯಲು ಅವರು ಒಪ್ಪಲಿಲ್ಲ.

ಕಲಿಸುವುದಕ್ಕೆಂದು ಬಂದ ಎಲ್ವಿನ್ನರು ಕ್ರಮೇಣ ಕಲಿಯುವವರಾದರು. ಸಂಜೆಯ ಹೊತ್ತು ಬೆಂಕಿಯ ಸುತ್ತ ಕುಳಿತು ಗಿರಿಜನರು ಹೇಳುತ್ತಿದ್ದ ಕಥೆಗಳನ್ನೂ ಹಾಡುಗಳನ್ನೂ ಅವರು ಬರೆದುಕೊಂಡರು. ಅವರ ಹಬ್ಬಗಳಲ್ಲಿ ಕುಣಿದರು. ಸಾವಿನ ಮನೆಗಳಲ್ಲಿ ಜೊತೆಗೆ ಕುಳಿತರು. ಹೀಗೆ ಬಾಳುತ್ತಿರುವಾಗ ಅವರಿಗೆ ಒಂದು ಸತ್ಯ ಗೋಚರವಾಯಿತು. ಈ ಜನರ ಬಡತನ ಕೇವಲ ಅಜ್ಞಾನದಿಂದಾಗಲಿ ಸೋಮಾರಿತನದಿಂದಾಗಲಿ ಬಂದದ್ದಲ್ಲ. ಒಂದು ಕಾಲದಲ್ಲಿ ಅವರ ಕೈಯಲ್ಲಿದ್ದುದನ್ನು ಒಂದೊಂದಾಗಿ ಕಿತ್ತುಕೊಂಡದ್ದರಿಂದ ಬಂದದ್ದು. ಬೈಗರ ಇತಿಹಾಸವನ್ನು ಅರಿತಾಗ ಈ ಸತ್ಯ ಅವರಿಗೆ ಇನ್ನೂ ಸ್ಪಷ್ಟವಾಯಿತು.

ಬೈಗರು ನೇಗಿಲನ್ನು ಮುಟ್ಟುತ್ತಿರಲಿಲ್ಲ. ಭೂಮಿ ತಾಯಿ, ತಾಯಿಯ ಎದೆಯನ್ನು ಕಬ್ಬಿಣದ ಮೊನೆಯಿಂದ ಸೀಳುವುದು ಪಾಪವೆಂಬುದು ಅವರ ನಂಬಿಕೆ. ಅವರು ಕಾಡಿನ ಒಂದು ಭಾಗದಲ್ಲಿ ಮರಗಿಡಗಳನ್ನು ಕಡಿದು ಒಣಗಿಸಿ, ಬೇಸಿಗೆಯಲ್ಲಿ ಸುಟ್ಟು, ಆ ಬೂದಿಯ ಮೇಲೆ ಹಾರಕ, ಸಾಮೆ ಮುಂತಾದ ಧಾನ್ಯಗಳನ್ನು ಬಿತ್ತುತ್ತಿದ್ದರು. ಎರಡು ಮೂರು ವರ್ಷಗಳ ನಂತರ ಆ ನೆಲವನ್ನು ಕಾಡಿಗೆ ಬಿಟ್ಟು ಬೇರೆ ಕಡೆಗೆ ಹೋಗುತ್ತಿದ್ದರು. ಈ ಪದ್ಧತಿಗೆ ಅವರಲ್ಲಿ ಬೇವರ್ ಎಂದು ಹೆಸರು. ಕನ್ನಡ ನಾಡಿನ ಮಲೆಸೀಮೆಯಲ್ಲಿ ಇಂಥದನ್ನೇ ಕುಮರಿ ಬೇಸಾಯವೆನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೇಶದಲ್ಲೆಲ್ಲ ರೈಲುಹಾದಿಗಳು ಹರಡತೊಡಗಿದವು. ಹಳಿಗಳ ಕೆಳಗೆ ಹಾಸುವ ದಿಮ್ಮಿಗಳಿಗೆ ಗಟ್ಟಿಯಾದ ಸಾಲಮರ ಬೇಕಾಯಿತು. ಅದುವರೆಗೆ ಬೈಗರ ಮನೆಯಾಗಿದ್ದ ಕಾಡು ಸರ್ಕಾರದ ಬೊಕ್ಕಸಕ್ಕೆ ಸಂಪತ್ತಾಗಿ ಕಾಣಿಸಿತು. ಅರಣ್ಯ ಇಲಾಖೆ ಹುಟ್ಟಿತು; 1878ರ ಅರಣ್ಯ ಕಾನೂನು ಬಂದಿತು; ಬೇವರ್ ಬೇಸಾಯ ಅಪರಾಧವಾಯಿತು. ಕೊನೆಗೆ 1890ರಲ್ಲಿ ಸರ್ಕಾರವು ಮಂಡ್ಲಾ ಜಿಲ್ಲೆಯ ಒಂದು ಮೂಲೆಯಲ್ಲಿ ಸುಮಾರು 24,000 ಎಕರೆ ಭೂಮಿಯನ್ನು ಬೈಗಾಚಕ್ ಎಂದು ಗೊತ್ತುಮಾಡಿ, ಅದರೊಳಗೆ ಮಾತ್ರ ಹಳೆಯ ಪದ್ಧತಿಗೆ ಅವಕಾಶ ನೀಡಿತು. ಉಳಿದ ಬೈಗರು ನೇಗಿಲು ಹಿಡಿಯಬೇಕಾಯಿತು, ಇಲ್ಲವೇ ಕೂಲಿಗೆ ಹೋಗಬೇಕಾಯಿತು. ತಮ್ಮ ಧರ್ಮಕ್ಕೆ ವಿರುದ್ಧವಾದ ಕೆಲಸವನ್ನು ಮಾಡುತ್ತ ಅವರು ಹೊಟ್ಟೆಯೊಂದಿಗೆ ಮನಸ್ಸನ್ನೂ ಬರಿದುಮಾಡಿಕೊಂಡರು. 1939ರಲ್ಲಿ ಪ್ರಕಟವಾದ ಎಲ್ವಿನ್ನರ ‘ದ ಬೈಗಾ’ ಎಂಬ ಬೃಹದ್‌ಗ್ರಂಥ ಈ ದುಃಖದ ಕಥೆಯನ್ನು ಲೋಕದ ಮುಂದಿಟ್ಟಿತು.

ಬೈಗರ ನೆರೆಯವರಾದ ಅಗರಿಯರ ಕಥೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅವರು ಕಬ್ಬಿಣದ ಅದಿರನ್ನು ಕರಗಿಸುವ ಕುಲದವರು. ಮಣ್ಣಿನ ಪುಟ್ಟ ಕುಲುಮೆ, ಕಾಲಿನಿಂದ ತುಳಿಯುವ ತಿದಿ, ಕಾಡಿನ ಮರದಿಂದ ಸುಟ್ಟ ಇದ್ದಿಲು, ಇವೇ ಅವರ ಕಾರ್ಖಾನೆ. ಲೋಹಾಸುರನೆಂಬ ದೈವ ಆ ಕುಲುಮೆಯಲ್ಲಿ ನೆಲೆಸಿದ್ದಾನೆಂದು ಅವರು ನಂಬಿದ್ದರು. ಸುತ್ತಲಿನ ರೈತರಿಗೆ ನೇಗಿಲಗುಳ, ಕೊಡಲಿ, ಕುಡುಗೋಲುಗಳನ್ನು ಮಾಡಿಕೊಡುತ್ತಿದ್ದ ಈ ಕುಶಲಕರ್ಮಿಗಳ ಮೇಲೆ ಏಕಕಾಲದಲ್ಲಿ ಮೂರು ಪೆಟ್ಟುಗಳು ಬಿದ್ದವು. ಅರಣ್ಯ ನಿಯಮಗಳಿಂದಾಗಿ ಇದ್ದಿಲು ದುರ್ಲಭವಾಯಿತು. ಕುಲುಮೆಗಳ ಮೇಲೆ ತೆರಿಗೆ ಬಿದ್ದಿತು. ಕಾರ್ಖಾನೆಗಳ ಅಗ್ಗದ ಕಬ್ಬಿಣ ರೈಲಿನಲ್ಲಿ ಬಂದು ಸಂತೆಗಳಲ್ಲಿ ರಾಶಿಬಿದ್ದಿತು. ಕುಲುಮೆಗಳು ಆರಿದವು. ಕುಲುಮೆ ಆರಿದಾಗ ಒಂದು ಉದ್ಯೋಗ ಮಾತ್ರ ಹೋಗಲಿಲ್ಲ. ಅದನ್ನು ಸುತ್ತಿಕೊಂಡಿದ್ದ ದೇವರು, ಪುರಾಣ, ಹಾಡು, ಕುಲದ ಹೆಮ್ಮೆ ಎಲ್ಲವೂ ತಣ್ಣಗಾದವು. ನಾಡಿಗೆ ಉಕ್ಕು ಬೇಕಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಶತಮಾನಗಳ ಕಾಲ ಕಬ್ಬಿಣವನ್ನು ಕರಗಿಸಿದ ಕೈಗಳಿಗೆ ಬೇರೆ ಕೆಲಸವನ್ನು ಒದಗಿಸಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ. 1942ರಲ್ಲಿ ಬಂದ ‘ದಿ ಅಗರಿಯಾ’ ಎಂಬ ಪುಸ್ತಕದಲ್ಲಿ ಎಲ್ವಿನ್ನರು ಈ ಅವನತಿಯನ್ನು ವಿವರವಾಗಿ ಚಿತ್ರಿಸಿದರು.

1940ರ ಸುಮಾರಿಗೆ ಅವರು ಬಸ್ತರ್ ಸಂಸ್ಥಾನಕ್ಕೆ ಹೋದರು. ಅಲ್ಲಿ 1910ರಲ್ಲಿ ಗಿರಿಜನರು ಅರಣ್ಯ ಮೀಸಲಾತಿ, ಬಿಟ್ಟಿ ದುಡಿಮೆ ಮುಂತಾದ ಕಿರುಕುಳಗಳ ವಿರುದ್ಧ ದಂಗೆಯೆದ್ದಿದ್ದರು. ದಂಗೆಯನ್ನು ಬಲಪ್ರಯೋಗದಿಂದ ಅಡಗಿಸಲಾಯಿತಾದರೂ, ಮೀಸಲಿಡಬೇಕೆಂದಿದ್ದ ಅರಣ್ಯದ ವಿಸ್ತೀರ್ಣವನ್ನು ಸರ್ಕಾರ ಸುಮಾರು ಅರ್ಧಕ್ಕೆ ಇಳಿಸಿತು. ಬಸ್ತರಿನ ಜನರ ಭೂಮಿ ಬಹುಮಟ್ಟಿಗೆ ಅವರ ಕೈಯಲ್ಲಿಯೇ ಉಳಿದಿತ್ತು, ಹಳ್ಳಿಯ ಮುಖಂಡರ ಮಾತಿಗೆ ಬೆಲೆಯಿತ್ತು, ಹಬ್ಬಗಳಿಗೆ ಕಳೆಯಿತ್ತು. ಇದೇ ಕುಲದ ಜನರು ಮಧ್ಯಪ್ರಾಂತದಲ್ಲಿ ಲೇವಾದೇವಿಗಾರರಿಗೂ ಜಮೀನುದಾರರಿಗೂ ಅರಣ್ಯ ಕಾವಲುಗಾರರಿಗೂ ಹೆದರಿ, ತಲೆ ತಗ್ಗಿಸಿ ಬಾಳುತ್ತಿದ್ದರು. ಈ ಎರಡು ಸೀಮೆಗಳನ್ನು ಹೋಲಿಸಿ ಎಲ್ವಿನ್ನರು 1941ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದರು. ಹೊರಲೋಕದ ಹಠಾತ್ ಆಕ್ರಮಣದಿಂದ ಕಾಡಿನ ಜನ ಕಳೆದುಕೊಳ್ಳುವ ಅತ್ಯಂತ ಬೆಲೆಬಾಳುವ ವಸ್ತುವೆಂದರೆ ಎದೆಗಾರಿಕೆ ಎಂಬುದು ಅದರ ತಾತ್ಪರ್ಯ. ಭೂಮಿ ಹೋದರೆ ಮತ್ತೆ ಸಂಪಾದಿಸಬಹುದು. ತಾವು ಯಾತಕ್ಕೂ ಬಾರದವರು ಎಂಬ ಭಾವನೆ ಒಂದು ಜನಾಂಗದ ಮನಸ್ಸಿನಲ್ಲಿ ನೆಲೆಯೂರಿದರೆ ಅದನ್ನು ಕೀಳುವುದು ಬಹು ಕಷ್ಟ.

ಈ ರೋಗಕ್ಕೆ ಎಲ್ವಿನ್ನರು ಮೊದಲು ಸೂಚಿಸಿದ ಮದ್ದು ತೀವ್ರವಾದ ವಿವಾದಕ್ಕೆ ಎಡೆಮಾಡಿಕೊಟ್ಟಿತು. ಬೈಗರಂಥ ಜನರಿಗಾಗಿ ವಿಶಾಲವಾದ ಪ್ರದೇಶವೊಂದನ್ನು ಪ್ರತ್ಯೇಕಿಸಿ, ವ್ಯಾಪಾರಿಗಳೂ ಲೇವಾದೇವಿಗಾರರೂ ಒಳಹೊಗದಂತೆ ತಡೆದು, ಅವರನ್ನು ಅವರ ಪಾಡಿಗೆ ಬಾಳಗೊಡಬೇಕೆಂದು ಅವರು ವಾದಿಸಿದ್ದರು. ಸಮಾಜಶಾಸ್ತ್ರಜ್ಞರಾದ ಜಿ. ಎಸ್. ಘುರ್ಯೆ ಇದನ್ನು ಬಲವಾಗಿ ಖಂಡಿಸಿದರು. ಗಿರಿಜನರ ಸೇವೆಗಾಗಿ ಜೀವನವನ್ನೇ ಮುಡಿಪಾಗಿಟ್ಟಿದ್ದ ಠಕ್ಕರ್ ಬಾಪಾ ಅವರೂ ಈ ಪ್ರತ್ಯೇಕತೆಯ ವಾದವನ್ನು ಒಪ್ಪಲಿಲ್ಲ. ಗಿರಿಜನರೂ ಈ ದೇಶದ ಪ್ರಜೆಗಳು. ವಿದ್ಯೆಯೂ ವೈದ್ಯವೂ ಅವರಿಗೂ ಸಲ್ಲಬೇಕು. ವಸ್ತುಸಂಗ್ರಹಾಲಯದ ಬೊಂಬೆಗಳಂತೆ ಅವರನ್ನು ಕಾಪಾಡುವುದು ಅನ್ಯಾಯವೆಂಬುದು ಟೀಕಾಕಾರರ ಅಭಿಪ್ರಾಯವಾಗಿತ್ತು. ಈ ಟೀಕೆಯಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಎಲ್ವಿನ್ನರು ತಮ್ಮ ವಾದವನ್ನು ಸಮರ್ಥಿಸಿಕೊಂಡರಾದರೂ ಕಾಲಕ್ರಮದಲ್ಲಿ ಅದನ್ನು ಮರುಪರಿಶೀಲಿಸಿದರು. ಬೇಲಿ ಹಾಕಿ ಶಾಶ್ವತವಾಗಿ ದೂರವಿರಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ ಎಂಬುದನ್ನು ಅವರು ಒಪ್ಪಿಕೊಂಡರು. ಆದರೆ ಬೇಲಿಯನ್ನು ತೆಗೆಯುವಾಗ ಒಳಗಿರುವ ಜನರನ್ನು ತುಳಿಯಬಾರದು ಎಂಬ ಮಾತನ್ನು ಮಾತ್ರ ಅವರು ಎಂದೂ ಬಿಟ್ಟುಕೊಡಲಿಲ್ಲ.

ಅವರ ಖಾಸಗಿ ಜೀವನವೂ ಈ ಜನರೊಡನೆಯೇ ಬೆಸೆದುಕೊಂಡಿತು. 1940ರಲ್ಲಿ ಅವರು ಗೊಂಡ ಯುವತಿಯೊಬ್ಬಳನ್ನು ವಿವಾಹವಾದರು. ಆ ದಾಂಪತ್ಯ ಸುಖಾಂತವಾಗದೆ 1949ರಲ್ಲಿ ಮುರಿದುಬಿದ್ದಿತು. ಅದರ ನೋವನ್ನು ಹೆಚ್ಚಾಗಿ ಉಂಡವಳು ಆ ಹೆಣ್ಣುಮಗಳೇ. ಅನಂತರ ಪರಧಾನ ಕುಲದ ಮಹಿಳೆಯನ್ನು ವರಿಸಿ ಕೊನೆಯವರೆಗೂ ಸಂಸಾರ ನಡೆಸಿದರು. ದೊಡ್ಡವರ ಬಾಳಿನಲ್ಲಿಯೂ ಕುಂದುಗಳಿರುತ್ತವೆ. ಅವುಗಳನ್ನು ಮರೆಮಾಚಿದರೆ ಚರಿತ್ರೆ ಪೂರ್ಣವಾಗುವುದಿಲ್ಲ. ಈ ಏರಿಳಿತಗಳ ನಡುವೆಯೂ ಅವರ ಬರವಣಿಗೆ ನಿಲ್ಲಲಿಲ್ಲ. ಬಸ್ತರಿನ ಮುರಿಯರನ್ನೂ, ಒರಿಸ್ಸಾದ ಬೊಂಡೋ ಮತ್ತು ಸವರ ಜನರನ್ನೂ ಕುರಿತು ಅವರು ಮಹತ್ತ್ವದ ಗ್ರಂಥಗಳನ್ನು ರಚಿಸಿದರು. ಮಧ್ಯಭಾರತದ ಸಾವಿರಾರು ಜನಪದ ಗೀತೆಗಳೂ ಪುರಾಣಕಥೆಗಳೂ ಅವರ ಮೂಲಕ ಗ್ರಂಥಸ್ಥವಾದವು.

ಸ್ವಾತಂತ್ರ್ಯಾನಂತರ ಬಹುಮಂದಿ ಆಂಗ್ಲರು ತಮ್ಮ ದೇಶಕ್ಕೆ ಮರಳಿದರು. ಎಲ್ವಿನ್ನರು ಇಲ್ಲಿಯೇ ಉಳಿದರು. 1946ರಿಂದ 1949ರವರೆಗೆ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಇಲಾಖೆಯಲ್ಲಿ ಉಪನಿರ್ದೇಶಕರಾಗಿ ಸೇವೆ ಸಲ್ಲಿಸಿದರು. 1954ರಲ್ಲಿ ಅವರು ಭಾರತದ ಪೌರತ್ವವನ್ನು ಪಡೆದರು. ಅದೇ ವರ್ಷ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಅಪೇಕ್ಷೆಯಂತೆ ನೇಫಾ ಎಂದು ಕರೆಯಲ್ಪಡುತ್ತಿದ್ದ ಈಶಾನ್ಯ ಗಡಿ ಪ್ರದೇಶದ ಆಡಳಿತಕ್ಕೆ ಗಿರಿಜನ ವ್ಯವಹಾರಗಳ ಸಲಹೆಗಾರರಾಗಿ ನೇಮಕಗೊಂಡು ಷಿಲಾಂಗಿನಲ್ಲಿ ನೆಲೆಸಿದರು. ಇಂದಿನ ಅರುಣಾಚಲ ಪ್ರದೇಶವೇ ಅಂದಿನ ನೇಫಾ. ಅಲ್ಲಿ ರಸ್ತೆಗಳಿರಲಿಲ್ಲ, ಆಸ್ಪತ್ರೆಗಳು ವಿರಳವಾಗಿದ್ದವು. ಆದರೆ ಭೂಮಿ ಜನರ ಕೈತಪ್ಪಿರಲಿಲ್ಲ, ಕಾಡು ಅವರದಾಗಿತ್ತು. ಮೈಕಲದಲ್ಲಿ ಮುರಿದುಹೋದ ನಂತರ ಕಂಡದ್ದನ್ನು ಇಲ್ಲಿ ಮುರಿಯುವ ಮೊದಲೇ ಉಳಿಸಿಕೊಳ್ಳುವ ಅವಕಾಶ ಅವರಿಗೆ ದೊರೆಯಿತು.

ಈ ಅನುಭವದ ಫಲವಾಗಿ 1957ರಲ್ಲಿ ‘ಎ ಫಿಲಾಸಫಿ ಫಾರ್ ನೇಫಾ’ ಎಂಬ ಗ್ರಂಥ ಹೊರಬಂದಿತು. 1959ರಲ್ಲಿ ಪ್ರಕಟವಾದ ಅದರ ಪರಿಷ್ಕೃತ ಆವೃತ್ತಿಗೆ ನೆಹರೂ ಅವರು ಬರೆದ ಮುನ್ನುಡಿಯಲ್ಲಿ ಐದು ತತ್ತ್ವಗಳು ನಿರೂಪಿತವಾಗಿವೆ. ಗಿರಿಜನರು ತಮ್ಮ ಸ್ವಭಾವಕ್ಕೆ ಒಪ್ಪುವ ಹಾದಿಯಲ್ಲಿ ಬೆಳೆಯಬೇಕು, ಅವರ ಮೇಲೆ ಯಾವುದನ್ನೂ ಹೇರಬಾರದು ಎಂಬುದು ಮೊದಲನೆಯದು. ಭೂಮಿ ಮತ್ತು ಅರಣ್ಯಗಳ ಮೇಲೆ ಅವರಿಗಿರುವ ಹಕ್ಕನ್ನು ಗೌರವಿಸಬೇಕು ಎಂಬುದು ಎರಡನೆಯದು. ಆಡಳಿತ ಮತ್ತು ಅಭಿವೃದ್ಧಿಯ ಕೆಲಸಕ್ಕೆ ಅವರವರನ್ನೇ ತರಬೇತುಗೊಳಿಸಬೇಕು, ಹೊರಗಿನವರನ್ನು ಅತಿಯಾಗಿ ತುಂಬಬಾರದು ಎಂಬುದು ಮೂರನೆಯದು. ಆಡಳಿತವನ್ನು ಅತಿಯಾಗಿಸಬಾರದು, ನಾನಾ ಯೋಜನೆಗಳ ಭಾರದಿಂದ ಅವರನ್ನು ಕುಗ್ಗಿಸಬಾರದು ಎಂಬುದು ನಾಲ್ಕನೆಯದು. ಅಂಕಿಅಂಶಗಳಿಂದಾಗಲಿ ಖರ್ಚಾದ ಹಣದಿಂದಾಗಲಿ ಫಲವನ್ನು ಅಳೆಯದೆ, ರೂಪುಗೊಂಡ ಮಾನವ ವ್ಯಕ್ತಿತ್ವದ ಗುಣದಿಂದ ಅಳೆಯಬೇಕು ಎಂಬುದು ಕೊನೆಯದು. ಇವು ಗಿರಿಜನ ಪಂಚಶೀಲವೆಂದು ಪ್ರಸಿದ್ಧವಾದವು. ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ ಎಲ್ವಿನ್ನರು ಕಾಡಿನಲ್ಲಿ ಕಳೆದ ಎರಡು ದಶಕಗಳ ಅನುಭವ ಅಡಗಿದೆಯೆಂಬುದನ್ನು ಸುಲಭವಾಗಿ ಗುರುತಿಸಬಹುದು.

ಅಷ್ಟರಲ್ಲಿ ದೇಶದಲ್ಲಿ ಪಂಚವಾರ್ಷಿಕ ಯೋಜನೆಗಳು ಭರದಿಂದ ಸಾಗಿದ್ದವು. ಗಿರಿಜನ ಪ್ರದೇಶಗಳ ಶೀಘ್ರ ಪ್ರಗತಿಗಾಗಿ ಎರಡನೆಯ ಯೋಜನೆಯ ಕಾಲದಲ್ಲಿ 43 ವಿಶೇಷ ಬಹೂದ್ದೇಶ ವಿಭಾಗಗಳು ಸ್ಥಾಪಿತವಾದವು. ಪ್ರತಿಯೊಂದಕ್ಕೂ ಐದು ವರ್ಷಗಳಿಗೆ 27 ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಲಾಗಿತ್ತು. ಆ ಕಾಲಕ್ಕೆ ಇದು ಭಾರಿ ಮೊತ್ತ. ಈ ವಿಭಾಗಗಳ ಕೆಲಸವನ್ನು ಪರಿಶೀಲಿಸಲು 1959ರಲ್ಲಿ ನೇಮಕವಾದ ಸಮಿತಿಗೆ ಎಲ್ವಿನ್ನರೇ ಅಧ್ಯಕ್ಷರಾದರು. ಉದ್ದೇಶ ಒಳ್ಳೆಯದಾಗಿದ್ದರೂ ಅದನ್ನು ನಡೆಸುವ ರೀತಿಯಲ್ಲಿ ದೋಷಗಳಿದ್ದುದನ್ನು ಸಮಿತಿ ಕಂಡಿತು. ಎಲ್ಲ ಸೀಮೆಗಳಿಗೂ ಒಂದೇ ಅಚ್ಚಿನ ಯೋಜನೆ. ಗೊತ್ತಾದ ಅವಧಿಯೊಳಗೆ ಹಣವನ್ನು ಮುಗಿಸುವ ಆತುರ. ಜನರ ಹೊಲಗಳಿಗಿಂತ ಕಟ್ಟಡಗಳಿಗೆ ಹೆಚ್ಚಿನ ಗಮನ. ಅಲ್ಲಿಯ ಮಾತು ಬಾರದ, ಅಲ್ಲಿಯ ರೀತಿನೀತಿ ತಿಳಿಯದ ನೌಕರರು. ಹಲವಾರು ಯೋಜನೆಗಳನ್ನು ಒಮ್ಮೆಗೇ ಹೇರುವುದಕ್ಕಿಂತ, ಜನರಿಗೆ ನಿಜವಾಗಿ ಬೇಕಾದ ಕೆಲವೇ ಕೆಲಸಗಳನ್ನು ಚೆನ್ನಾಗಿ ಮಾಡುವುದು ಲೇಸೆಂದು 1960ರ ವರದಿ ಸೂಚಿಸಿತು. ಹಣದ ಕೊರತೆಯನ್ನು ದೂರುವ ವರದಿಗಳು ಬಹಳವಿರುತ್ತವೆ. ಆತುರದಿಂದ ಸುರಿದ ಹಣವೂ ಕೆಡುಕನ್ನುಂಟುಮಾಡಬಹುದೆಂದು ಧೈರ್ಯವಾಗಿ ಹೇಳಿದ ವರದಿ ಇದು.

1960ರಲ್ಲಿಯೇ ಯು. ಎನ್. ಢೇಬರ್ ಅವರ ಅಧ್ಯಕ್ಷತೆಯಲ್ಲಿ ಪರಿಶಿಷ್ಟ ಪ್ರದೇಶ ಮತ್ತು ಪರಿಶಿಷ್ಟ ಪಂಗಡಗಳ ಆಯೋಗ ರಚಿತವಾಯಿತು. ಎಲ್ವಿನ್ನರು ಅದರ ಸದಸ್ಯರಾಗಿದ್ದರು. ಆ ವೇಳೆಗೆ ಮಹಾನದಿಗೆ ಹಿರಾಕುಡ್ ಅಣೆಕಟ್ಟು ಬಂದಿತ್ತು. ರೂರ್ಕೆಲಾದಲ್ಲಿ ಉಕ್ಕಿನ ಕಾರ್ಖಾನೆಯ ಕುಲುಮೆ ಹೊತ್ತಿತ್ತು. ನಾಡಿನ ಅದಿರು, ಕಲ್ಲಿದ್ದಲು, ಜಲಶಕ್ತಿ ಇವು ಬಹುಪಾಲು ಗಿರಿಜನರ ಸೀಮೆಗಳಲ್ಲಿಯೇ ದೊರೆಯುವುದರಿಂದ, ದೊಡ್ಡ ಉದ್ಯಮಗಳು ಬಂದಾಗಲೆಲ್ಲ ಮೊದಲು ಎದ್ದು ಹೋಗಬೇಕಾದವರು ಅವರೇ. ಭೂಮಿಗೆ ಪ್ರತಿಯಾಗಿ ಹಣ ದೊರೆಯುತ್ತಿತ್ತು. ಆದರೆ ಹಣದ ವ್ಯವಹಾರವನ್ನೇ ಅರಿಯದವರ ಕೈಯಲ್ಲಿ ಅದು ಕೆಲವೇ ದಿನಗಳಲ್ಲಿ ಕರಗಿಹೋಗುತ್ತಿತ್ತು. ಭೂಮಿಯೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ ಉಂಟಾಗುತ್ತಿತ್ತು. ಕಾರ್ಖಾನೆಯ ಒಳಗಿನ ಉದ್ಯೋಗಗಳು ತರಬೇತಿ ಪಡೆದ ಹೊರಗಿನವರ ಪಾಲಾದವು. ಭೂಮಿ ಕೊಟ್ಟವರಿಗೆ ಉಳಿದದ್ದು ಮಣ್ಣು ಹೊರುವ ಕೂಲಿ. ಭೂಮಿ ಕಳೆದುಕೊಂಡವನಿಗೆ ಭೂಮಿಯನ್ನೇ ಕೊಡುವುದು ಮೇಲೆಂಬ ನಿಲುವನ್ನು ಆಯೋಗ ತಳೆಯಿತು. ಅರಣ್ಯದ ವಿಷಯದಲ್ಲಿ ಅದು ಮತ್ತೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿತು. ಪೂರ್ವದಲ್ಲಿ ಗಿರಿಜನರ ಹಕ್ಕೆನಿಸಿದ್ದುದು ಸರ್ಕಾರದ ನೀತಿಗಳಲ್ಲಿ ಮೊದಲು ಸೌಲಭ್ಯದ ಮಟ್ಟಕ್ಕೆ ಇಳಿದು, ಕೊನೆಗೆ ಕೇವಲ ರಿಯಾಯಿತಿಯಾಗಿ ಪರಿಣಮಿಸಿತ್ತು. ಹಕ್ಕನ್ನು ಉಳ್ಳವನು ನೇರವಾಗಿ ನಿಂತು ಕೇಳುತ್ತಾನೆ. ರಿಯಾಯಿತಿಯನ್ನು ಬೇಡುವವನು ಕೈಮುಗಿದು ನಿಲ್ಲುತ್ತಾನೆ. ಎರಡು ದಶಕಗಳ ಹಿಂದೆ ಎಲ್ವಿನ್ನರು ಎದೆಗಾರಿಕೆಯ ನಾಶವೆಂದು ಕರೆದದ್ದು ಇದನ್ನೇ.

1961ರಲ್ಲಿ ಭಾರತ ಸರ್ಕಾರವು ಎಲ್ವಿನ್ನರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಆದರೆ ಮರುವರ್ಷವೇ ಅವರ ನೀತಿ ಕಠಿಣ ಪರೀಕ್ಷೆಗೆ ಒಳಗಾಯಿತು. 1962ರಲ್ಲಿ ಚೀನಾ ಸೈನ್ಯ ಗಡಿಯನ್ನು ದಾಟಿ ನೇಫಾದೊಳಗೆ ನುಗ್ಗಿತು. ಆ ಸೀಮೆಯನ್ನು ನಿಧಾನವಾಗಿ ಬೆಳೆಸಬೇಕೆಂದವರಿಂದಲೇ ಗಡಿ ದುರ್ಬಲವಾಯಿತು, ಹೊರಗಿನವರನ್ನು ಹೆಚ್ಚಾಗಿ ನೆಲೆಗೊಳಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಟೀಕೆ ಎದ್ದಿತು. ರಸ್ತೆಗಳ ಅಗತ್ಯವನ್ನು ಎಲ್ವಿನ್ನರು ಅಲ್ಲಗಳೆದವರಲ್ಲ. ಆದರೆ ಗಡಿಯ ನಿಜವಾದ ಕಾವಲು ಅಲ್ಲಿಯ ಜನರ ವಿಶ್ವಾಸ. ಅವರ ಭೂಮಿಯನ್ನು ಕಿತ್ತುಕೊಂಡರೆ ಆ ವಿಶ್ವಾಸ ಉಳಿಯದು ಎಂಬ ನಂಬಿಕೆಯಿಂದ ಅವರು ಕದಲಲಿಲ್ಲ. ಹೃದ್ರೋಗದಿಂದ ಅವರ ದೇಹ ಆಗಲೇ ಬಳಲಿತ್ತು. 1964ನೆಯ ಇಸವಿ ಫೆಬ್ರವರಿ 22ರಂದು ದೆಹಲಿಯಲ್ಲಿ ಅವರು ಕೊನೆಯುಸಿರೆಳೆದರು. ಅದೇ ವರ್ಷ ಪ್ರಕಟವಾದ ಅವರ ಆತ್ಮಕಥೆಗೆ ಮರಣೋತ್ತರವಾಗಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಸಂದಿತು.

ಎಲ್ವಿನ್ನರು ಕಣ್ಮುಚ್ಚಿದ ನಂತರವೂ ಅವರು ಎತ್ತಿದ ಪ್ರಶ್ನೆ ಜೀವಂತವಾಗಿಯೇ ಉಳಿಯಿತು. ಗಣಿಗಳೂ ಅಣೆಕಟ್ಟುಗಳೂ ಕಾಡಿನ ಜನರನ್ನು ಸ್ಥಳಾಂತರಿಸುತ್ತ ಹೋದವು. ಕಾಡುಪ್ರಾಣಿಗಳ ರಕ್ಷಣೆಗಾಗಿ ನಿರ್ಮಿತವಾದ ಉದ್ಯಾನಗಳಿಂದಲೂ ಅವರು ಹೊರಬರಬೇಕಾಯಿತು. ಮೈಕಲ ಸೀಮೆಯ ಕಾನ್ಹಾ ಅಭಯಾರಣ್ಯದಿಂದ ಬೈಗರ ಮತ್ತು ಗೊಂಡರ ಹಳ್ಳಿಗಳನ್ನು ತೆರವು ಮಾಡಿಸಲಾಯಿತು. ಬಹುಕಾಲದ ಹೋರಾಟದ ಫಲವಾಗಿ 2006ರಲ್ಲಿ ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕುಗಳ ಕಾಯಿದೆ, ಕಾಡಿನ ಜನರಿಗೆ ಐತಿಹಾಸಿಕವಾಗಿ ಅನ್ಯಾಯವಾಗಿದೆಯೆಂಬುದನ್ನು ಒಪ್ಪಿಕೊಂಡು, ರಿಯಾಯಿತಿ ಎನಿಸಿದ್ದುದನ್ನು ಮತ್ತೆ ಹಕ್ಕಿನ ಸ್ಥಾನಕ್ಕೆ ಏರಿಸಿತು. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಈ ಕಾಯಿದೆಯ ಮೂಲಕ ತಮ್ಮ ಕಾಡಿನ ಮೇಲೆ ಸಾಮುದಾಯಿಕ ಹಕ್ಕನ್ನು ಪಡೆದರು. ಆದರೂ ಕಾಗದದ ಮೇಲಿನ ಹಕ್ಕು ಬಾಳಿನಲ್ಲಿ ಕೈಗೂಡುವುದಕ್ಕೆ ಬಹಳ ದೂರ ನಡೆಯಬೇಕಾಗಿದೆ.

ನಾಡು ಬೆಳೆಯಬೇಕು, ಹಾದಿ, ಶಾಲೆ, ಆಸ್ಪತ್ರೆ, ಕಾರ್ಖಾನೆಗಳು ಬೇಕು. ಎಲ್ವಿನ್ನರು ತಮ್ಮ ಪ್ರೌಢವಯಸ್ಸಿನಲ್ಲಿ ಇವು ಯಾವುವನ್ನೂ ಬೇಡವೆನ್ನಲಿಲ್ಲ. ಅವುಗಳ ಬೆಲೆಯನ್ನು ಯಾರು ತೆರುತ್ತಾರೆ, ಅವುಗಳ ವೇಗವನ್ನು ಯಾರು ನಿರ್ಧರಿಸುತ್ತಾರೆ ಎಂದು ಮಾತ್ರ ಕೇಳಿದರು. ಹಿಂದೆ ಉಳಿದವರೆಂದು ನಾವು ಕರೆಯುವ ಜನರಿಗೂ ಒಂದು ನಡೆಯಿದೆ, ಒಂದು ನುಡಿಯಿದೆ, ತಮ್ಮ ಒಳಿತನ್ನು ತಾವೇ ನಿರ್ಣಯಿಸುವ ವಿವೇಕವಿದೆ ಎಂಬುದನ್ನು ಅವರು ಅವರ ನಡುವೆ ಬಾಳಿ ಕಂಡುಕೊಂಡರು. ಅಣೆಕಟ್ಟಿನ ಎತ್ತರವನ್ನೂ ಉಕ್ಕಿನ ತೂಕವನ್ನೂ ಅಳೆಯುವುದು ಸುಲಭ; ಅವುಗಳ ನೆರಳಿನಲ್ಲಿ ಬಾಳುವ ಮನುಷ್ಯ ತಲೆಯೆತ್ತಿ ನಿಂತಿದ್ದಾನೆಯೇ ಎಂದು ನೋಡುವುದು ಕಷ್ಟ. ಆ ಕಷ್ಟದ ಅಳತೆಯನ್ನೇ ನಿಜವಾದ ಅಳತೆಯೆಂದು ತಿಳಿದು, ಅದಕ್ಕಾಗಿ ಜೀವನವನ್ನು ಸವೆಸಿದವರು ವೆರಿಯರ್ ಎಲ್ವಿನ್ನರು.